ವೀರಗಲ್ಲಿನ ಮೇಲೊಂದು ಚುಕ್ಕೆ

‘ಬಲ್ಲವನೇ ಬಲ್ಲ ಬೆಲ್ಲದ ರುಚಿಯ’ ಎನ್ನುತ್ತದೆ ಗಾದೆ. ಬೆಲ್ಲದೊಳಗಿನ ಕಲ್ಲು ಸಿಗುವುದೂ ಬಲ್ಲವನ ಹಲ್ಲಿಗೇ ಎಂಬುದನ್ನು ಅದು ಹೇಳಲಿಲ್ಲ.

ಈಚೆಗೆ ಹೊಯ್ಸಳ ವಿಷ್ಣುವರ್ಧನನ ಕಾಲದ ಕಥೆಯೊಂದನ್ನು ಬೆಳ್ಳಿತೆರೆಯ ಮೇಲೆ ನೋಡಲು ಹೋಗಿದ್ದೆವು. ನಾನು, ನನ್ನ ಹೆಂಡತಿ, ಜೊತೆಗೆ ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರು. ಊರ ದನಗಳನ್ನು ಬಿಡಿಸಿಕೊಳ್ಳಲು ಹೋದ ಮಗ ಕಾದಿ ಮಡಿದಿದ್ದಾನೆ. ಊರವರು ವೀರಗಲ್ಲು ನೆಟ್ಟಿದ್ದಾರೆ. ಮುದುಕಿ ತಾಯಿ ಕಲ್ಲಿನ ಅಕ್ಷರಗಳನ್ನು ಬೆರಳಿನಿಂದ ಸವರುತ್ತಾಳೆ. ಚಿತ್ರಮಂದಿರವೆಲ್ಲ ನಿಶ್ಶಬ್ದ, ನನ್ನ ಹೆಂಡತಿ ಸೆರಗಿನಿಂದ ಕಣ್ಣೊರಸಿಕೊಂಡಳು. ನನಗೆ ಕಂಡದ್ದು ವಾಕ್ಯದ ಕೊನೆಯಲ್ಲಿದ್ದ ಚುಕ್ಕೆ!

ಪೂರ್ಣವಿರಾಮದ ಈ ಚುಕ್ಕೆ ಕನ್ನಡದಲ್ಲಿ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ, ಅಚ್ಚಿನ ಪುಸ್ತಕಗಳೊಡನೆ. 12ನೆಯ ಶತಮಾನದ ಶಾಸನಗಳಲ್ಲಿ ಪದ್ಯ ಮುಗಿದರೆ ಕಾಣುವುದು ನಿಲುಗೆರೆ. ಪದಗಳ ನಡುವೆ ಇಂದಿನಂತೆ ತೆರಪೂ ಇರುವುದಿಲ್ಲ. ಇಲ್ಲಿ ಅಕ್ಷರಗಳ ರೂಪವೂ ಇಂದಿನ ಅಚ್ಚಿನದೇ. ಹಸುವಿಗೆ ‘ತುಱು’ ಎಂದಿರಬೇಕಾದಲ್ಲಿ ‘ತುರು’ ಎಂದಿತ್ತು. ‘ತುಱುಗೊಳ್’ ಎಂದರೆ ದನಗಳನ್ನು ಹೊಡೆದೊಯ್ಯುವ ದಾಳಿ. ಅದನ್ನು ತಡೆದು ಸತ್ತವರ ಕಲ್ಲುಗಳು ನಾಡಿನ ಉದ್ದಗಲಕ್ಕೂ ನಿಂತಿವೆ.

ಹೊರಗೆ ಬಂದು ಇದನ್ನು ಹೇಳಿಕೊಂಡೆ. “ಚುಕ್ಕೆ ನಾನು ನೋಡಲಿಲ್ಲ ಮೇಷ್ಟ್ರೇ,” ಎಂದರು ಸಸ್ಯಶಾಸ್ತ್ರದವರು. “ಆ ಮುದುಕಿಯ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಒಣಗುತ್ತಿತ್ತಲ್ಲ, ಅಲ್ಲಿಂದ ಮುಂದೆ ನನಗೆ ಕಥೆಯೇ ತಲೆಗೆ ಹತ್ತಲಿಲ್ಲ.” ನಿಜ. ಮೆಣಸಿನಕಾಯಿ ಅಮೆರಿಕದ ಗಿಡ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ, ಪೋರ್ಚುಗೀಸರ ಮೂಲಕ ಇತ್ತ ಬಂದದ್ದು. ಹೊಯ್ಸಳರ ಅಡಿಗೆಯ ಖಾರಕ್ಕೆ ಇದ್ದದ್ದು ಕರಿಮೆಣಸು. ಆ ಮೆಣಸಿನಕಾಯಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ!

“ನೀವಿಬ್ಬರೂ ಚಿತ್ರ ನೋಡೋಕೆ ಬಂದಿದ್ರೋ, ಉತ್ತರಪತ್ರಿಕೆ ತಿದ್ದೋಕೆ ಬಂದಿದ್ರೋ?” ಎಂದಳು ನನ್ನ ಹೆಂಡತಿ. ನಮಗೆ ಉತ್ತರ ತೋಚಲಿಲ್ಲ.

ಆ ರಾತ್ರಿ ಯೋಚಿಸಿದೆ. 941ರ ಸುಮಾರಿಗೆ ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದ; ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿದ. ಇದನ್ನೆಲ್ಲ ವರ್ಷವರ್ಷವೂ ಸಂತೋಷದಿಂದ ಪಾಠ ಹೇಳುವ ನಾನು ಒಂದು ಚುಕ್ಕೆಗೆ ಮುನಿಯುವುದು ನ್ಯಾಯವೇ?

ನ್ಯಾಯವೆಂದೇ ತೋರಿತು. ಪಂಪನಿಗೆ ವ್ಯಾಸರ ಕಥೆ ಗೊತ್ತಿತ್ತು, ಬೇಕೆಂದೇ ಬದಲಿಸಿದ. ಆ ಚುಕ್ಕೆಯನ್ನು ಯಾರೂ ಬೇಕೆಂದು ಇಟ್ಟದ್ದಲ್ಲ. ನಿಜವಾದ ವೀರಗಲ್ಲೊಂದರ ಮುಂದೆ ಅರ್ಧಗಳಿಗೆ ನಿಂತಿದ್ದರೆ ಅದು ಅಲ್ಲಿ ಬೀಳುತ್ತಿರಲಿಲ್ಲ. ನನ್ನನ್ನು ಚುಚ್ಚಿದ್ದು ತಪ್ಪಲ್ಲ, ಆ ಉದಾಸೀನ. ತೆರೆಯ ಮೇಲಿನ ಕಲ್ಲಿಗೆ ನೂರಾರು ಜನ ಅತ್ತರು. ಊರಾಚೆಯ ಕಲ್ಲು ಬಟ್ಟೆ ಒಗೆಯುವ ಹಾಸಾಗಿದೆ.

ಆದರೆ ನನ್ನ ಹೆಂಡತಿಯ ಕಣ್ಣೀರು ಸುಳ್ಳಲ್ಲ. ನನಗೆ ಬಾರದೆ ಹೋದದ್ದು ಅದೇ. ಬರುವ ಭಾನುವಾರ ಅವಳನ್ನು ನಿಜವಾದ ವೀರಗಲ್ಲೊಂದರ ಬಳಿಗೆ ಕರೆದೊಯ್ಯಬೇಕೆಂದಿದ್ದೇನೆ. ಸತ್ತವನ ಹೆಸರನ್ನು ಓದಿ ಹೇಳುತ್ತೇನೆ. ಚುಕ್ಕೆಯ ಮಾತು ಎತ್ತುವುದಿಲ್ಲ.