ಒಂದು ಹಾಡು, ಹಲವು ಮತದಾರರು: ಲೀ ಆನ್ ರೈಮ್ಸ್ ಪ್ರಶಸ್ತಿ ದಾಖಲೆಯ ಮರು ಓದು

ಅಮೆರಿಕದ ಕಂಟ್ರಿ ಗಾಯಕಿ ಲೀ ಆನ್ ರೈಮ್ಸ್ ಹುಟ್ಟಿದ್ದು 1982ರ ಆಗಸ್ಟ್‌ನಲ್ಲಿ, ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ, ಬೆಳೆದದ್ದು ಟೆಕ್ಸಾಸ್‌ನಲ್ಲಿ. ಆಕೆಗೆ ಬಂದ ಪ್ರಶಸ್ತಿಗಳನ್ನು ಒಟ್ಟು ಮಾಡಿ ಹೇಳುವುದು ವಾಡಿಕೆ. ಆದರೆ ಅವುಗಳನ್ನು ತಿಂಗಳುಗಳ ಕ್ರಮದಲ್ಲಿ ಜೋಡಿಸಿದರೆ, ಗಾಯಕಿಗಿಂತ ಹೆಚ್ಚಾಗಿ ಮತ ಹಾಕಿದವರೇ ಕಾಣಿಸುತ್ತಾರೆ ಎಂಬುದು ಈ ಲೇಖನದ ವಾದ.

'ಬ್ಲೂ' ಸಿಂಗಲ್ ಹೊರಬಂದದ್ದು 1996ರ ಬೇಸಿಗೆಯ ಹೊಸ್ತಿಲಲ್ಲಿ. ಅದೇ ಹೆಸರಿನ ಆಲ್ಬಂ ಬಂದದ್ದು ಜುಲೈನಲ್ಲಿ. ಈ ಸಣ್ಣ ಅಂತರ ಮುಖ್ಯ. ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಅರ್ಹತಾ ವರ್ಷ ಜೂನ್ ಕೊನೆಗೆ ಮುಗಿಯುತ್ತದೆ. ಹೀಗಾಗಿ ಆ ಅಕ್ಟೋಬರ್‌ನ ಸಮಾರಂಭಕ್ಕೆ ಸಿಂಗಲ್ ಮಾತ್ರ ಲೆಕ್ಕಕ್ಕೆ ಸಿಕ್ಕಿತು. 14ರ ಹುಡುಗಿಗೆ ಎರಡು ನಾಮನಿರ್ದೇಶನ ದೊರೆತವು, ಗೆಲುವು ಒಂದೂ ಇಲ್ಲ. ಹೊಸಬರಿಗೆ ಮೀಸಲಾದ ಹೊರೈಜನ್ ಪ್ರಶಸ್ತಿ ಬ್ರಯನ್ ವೈಟ್ ಪಾಲಾಯಿತು.

ಐದು ತಿಂಗಳೂ ಕಳೆದಿರಲಿಲ್ಲ, 1997ರ ಫೆಬ್ರವರಿಯಲ್ಲಿ ಗ್ರ್ಯಾಮಿ ಮತದಾರರು ಜ್ಯುವೆಲ್, ನೋ ಡೌಟ್, ಗಾರ್ಬೇಜ್, ಟೋನಿ ರಿಚ್ ಪ್ರಾಜೆಕ್ಟ್‌ಗಳನ್ನು ಬದಿಗಿಟ್ಟು ಆಕೆಯನ್ನು ಅತ್ಯುತ್ತಮ ಹೊಸ ಕಲಾವಿದೆ ಎಂದು ಆರಿಸಿದರು. ಆ ವಿಭಾಗದಲ್ಲಿ ಅಷ್ಟು ಎಳೆಯ ವಯಸ್ಸಿನವರು ಇಂದಿಗೂ ಗೆದ್ದಿಲ್ಲ. ಕಂಟ್ರಿ ಗಾಯನದ ಮಹಿಳಾ ಪ್ರಶಸ್ತಿಯೂ ಅಂದೇ ಬಂತು. 'ಬ್ಲೂ'ಗೆ ಸಂದ ಅತ್ಯುತ್ತಮ ಕಂಟ್ರಿ ಹಾಡಿನ ಗ್ರ್ಯಾಮಿ ಮಾತ್ರ ಅದನ್ನು ಬರೆದ ಟೆಕ್ಸಾಸ್‌ನ ರೇಡಿಯೋ ನಿರೂಪಕ ಬಿಲ್ ಮ್ಯಾಕ್‌ರದು. ಗಾಯಕಿಯ ಖಾತೆಗೆ ಅದನ್ನು ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಏಪ್ರಿಲ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅಕಾಡೆಮಿ ಆಫ್ ಕಂಟ್ರಿ ಮ್ಯೂಸಿಕ್ ಕೂಡ ಹೊಸ ಗಾಯಕಿಯ ಪ್ರಶಸ್ತಿಯ ಜೊತೆಗೆ ವರ್ಷದ ಸಿಂಗಲ್, ವರ್ಷದ ಹಾಡು ಎರಡನ್ನೂ 'ಬ್ಲೂ'ಗೇ ಕೊಟ್ಟಿತು. ನ್ಯಾಶ್‌ವಿಲ್‌ ತನ್ನ ಹೊರೈಜನ್ ಕೊಟ್ಟದ್ದು ಸೆಪ್ಟೆಂಬರ್‌ನಲ್ಲಿ: ಜಗತ್ತಿಗೆಲ್ಲ ಪರಿಚಿತಳಾದ ಮೇಲೆ ಬಂದ 'ಹೊಸಬಳು' ಎಂಬ ಮುದ್ರೆ! ಇದನ್ನು ಬರೀ ಹಿಂಜರಿಕೆ ಎನ್ನಲಾಗದು. ಕ್ಯಾಲೆಂಡರ್‌ನ ಪಾಲೂ ಇದೆ.

ಆದರೆ 1998ರ ಗ್ರ್ಯಾಮಿಯನ್ನು ಕ್ಯಾಲೆಂಡರ್‌ನಿಂದ ವಿವರಿಸಲಾಗದು. 'ಹೌ ಡೂ ಐ ಲಿವ್' ಹಾಡನ್ನು ರೈಮ್ಸ್ ಮತ್ತು ಟ್ರಿಷಾ ಇಯರ್‌ವುಡ್ ಬೇರೆಬೇರೆಯಾಗಿ ಹಾಡಿದ್ದರು. 'ಕಾನ್ ಏರ್' ಚಿತ್ರದಲ್ಲಿ ಕೇಳಿಸುವುದು ಇಯರ್‌ವುಡ್ ಧ್ವನಿ. ಒಂದೇ ಹಾಡಿಗೆ, ಒಂದೇ ವಿಭಾಗದಲ್ಲಿ ಇಬ್ಬರಿಗೂ ನಾಮನಿರ್ದೇಶನ ಬಂತು. ರೈಮ್ಸ್ ಧ್ವನಿಮುದ್ರಣ ಬಿಲ್‌ಬೋರ್ಡ್ ಹಾಟ್ 100ರಲ್ಲಿ 69 ವಾರ ನಿಂತಿತು, ಆದರೆ ಕಂಟ್ರಿ ಪಟ್ಟಿಯಲ್ಲಿ 43ನೇ ಸ್ಥಾನ ದಾಟಲಿಲ್ಲ. ಇಯರ್‌ವುಡ್‌ರದು ಅಲ್ಲಿ 2ಕ್ಕೇರಿತ್ತು. ವಿಭಾಗದ ಹೆಸರಲ್ಲೇ 'ಕಂಟ್ರಿ' ಇತ್ತು. ಪ್ರಶಸ್ತಿ ಇಯರ್‌ವುಡ್‌ಗೆ ಹೋಯಿತು.