ಮುಲ್ಕಿಯಿಂದ ಆಯ್ಕೆ ಪರೀಕ್ಷೆಯವರೆಗೆ: ಹೊಳೆಆಲೂರ ಸೀಮೆಯ ಮಕ್ಕಳ ವಿದ್ಯಾಭ್ಯಾಸದ ಒಂದು ವಿಚಾರ

ಮಲಪ್ರಭೆಯ ದಂಡೆಯಲ್ಲಿ, ಗದಗ–ಹೊಟಗಿ ರೈಲುದಾರಿಯ ಮೇಲಿರುವ ಹೊಳೆಆಲೂರು ರೋಣ ತಾಲೂಕಿನ ಗ್ರಾಮವು. 1997ರಲ್ಲಿ ಗದಗ ಜಿಲ್ಲೆಯು ಏರ್ಪಡುವವರೆಗೆ ಇದು ಧಾರವಾಡ ಜಿಲ್ಲೆಗೂ, 1956ರವರೆಗೆ ಮುಂಬಯಿ ಆಡಳಿತಕ್ಕೂ ಸೇರಿದ್ದಿತು. ಹತ್ತು ವರುಷದ ಮಕ್ಕಳನ್ನು ವಸತಿಶಾಲೆಗಳ ಆಯ್ಕೆ ಪರೀಕ್ಷೆಗಾಗಿ ಹಗಲಿರುಳು ಅಣಿಗೊಳಿಸುವ ತಂದೆತಾಯಿಗಳ ಆತುರವನ್ನು ಕೇವಲ ಕಾಲದೋಷವೆಂದು ಹಳಿಯುವವರುಂಟು. ಆದರೆ ಪರೀಕ್ಷೆಯ ಸ್ವರೂಪವೇ ಬದಲಾದುದು ಇದಕ್ಕೆ ಮೂಲಕಾರಣವೆಂಬುದು ಈ ಸೀಮೆಯ ಶಿಕ್ಷಣದ ಇತಿಹಾಸದಿಂದ ತಿಳಿದುಬರುವುದು.

ಇಂಗ್ಲಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ, ಫಲಿತಾಂಶವನ್ನು ನೋಡಿ ಶಾಲೆಗೆ ಧನಸಹಾಯವೀಯುವ ಪದ್ಧತಿಯು ಹಿಂದುಸ್ಥಾನಕ್ಕೂ ಬಂದಿತು. ಆಗ ಇನ್ಸ್ಪೆಕ್ಟರರ ಮುಂದೆ ನಿಜವಾಗಿ ಪರೀಕ್ಷೆಗೆ ಒಳಗಾಗುತ್ತಿದ್ದವನು ಶಿಕ್ಷಕನು. ಹುಡುಗರು ತಪ್ಪಿದರೆ ಶಾಲೆಯ ಹಣವು ತಪ್ಪುತ್ತಿದ್ದಿತು. ಆದುದರಿಂದ ಒತ್ತಾಯವು ಶಾಲೆಯೊಳಗೆ ಹುಟ್ಟುತ್ತಿದ್ದಿತೇ ಹೊರತು ಮನೆಯೊಳಗಲ್ಲ.

ಮುಂಬಯಿ ಕರ್ನಾಟಕದಲ್ಲಿ ಬಹುಕಾಲ ಮನ್ನಣೆ ಪಡೆದಿದ್ದುದು ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯು. ಇದರಲ್ಲಿ ತೇರ್ಗಡೆಯಾದವನಿಗೆ ಶಾಲಾಮಾಸ್ತರಿಕೆ ಮೊದಲಾದ ಕೆಳದರ್ಜೆಯ ಸರಕಾರಿ ಕೆಲಸಗಳಿಗೆ ಅರ್ಹತೆಯುಂಟಾಗುತ್ತಿದ್ದಿತು. ಈ ಪರೀಕ್ಷೆಯ ಭಯವು ಕಡಿಮೆಯದಲ್ಲವಾದರೂ ಅದಕ್ಕೊಂದು ಗುಣವಿದ್ದಿತು: ಅದು ಕಲಿತುದನ್ನು ಕೇಳುತ್ತಿದ್ದಿತು, ಹತ್ತು ಹುಡುಗರು ಚೆನ್ನಾಗಿ ಬರೆದರೆ ಹತ್ತು ಹುಡುಗರೂ ತೇರ್ಗಡೆಯಾಗಬಹುದಾಗಿದ್ದಿತು. ನೆರೆಮನೆಯ ಹುಡುಗನ ಜಾಣತನದಿಂದ ತನ್ನ ಮಗನಿಗೆ ಹಾನಿಯೆಂದು ಯಾವ ತಂದೆಯೂ ಎಣಿಸಬೇಕಾದುದಿರಲಿಲ್ಲ.

ಸ್ವಾತಂತ್ರ್ಯಾನಂತರ ಬಂದ ವಸತಿಶಾಲೆಗಳಿಂದ ಈ ಲೆಕ್ಕವು ಬದಲಾಯಿತು. 1963ರಲ್ಲಿ ವಿಜಾಪುರದ ಸೈನಿಕ ಶಾಲೆಯೂ, 1969ರಲ್ಲಿ ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ವಸತಿಶಾಲೆಯೂ ಆರಂಭವಾದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿ ಜಿಲ್ಲೆಗೊಂದರಂತೆ ನವೋದಯ ವಿದ್ಯಾಲಯಗಳನ್ನು ಉದ್ದೇಶಿಸಿತು; ಗದಗ ಜಿಲ್ಲೆಯ ವಿದ್ಯಾಲಯವು ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲಿದೆ. ತರುವಾಯ ಮೊರಾರ್ಜಿ ದೇಸಾಯಿ ವಸತಿಶಾಲೆಗಳು ಬಂದವು. ನವೋದಯದ ಆರನೆಯ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸ್ಥಾನಗಳು. ಎರಡು ಗಂಟೆಗಳಲ್ಲಿ 80 ಪ್ರಶ್ನೆಗಳಿಗೆ ಉತ್ತರವೀಯಬೇಕು. ಒಮ್ಮೆ ಕುಳಿತವರಿಗೆ ಎರಡನೆಯ ಅವಕಾಶವಿಲ್ಲ. ಮುಲ್ಕಿಯಲ್ಲಿ ಉತ್ತೀರ್ಣತೆಯು ಮುಖ್ಯವಾಗಿದ್ದರೆ ಇಲ್ಲಿ ಮುಖ್ಯವಾದುದು ಉಳಿದವರಿಗಿಂತ ಮುಂದಿರುವುದು.

ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯಕ್ಕೆ ಸಂಬಂಧಿಸಿದವು: ಗುಂಪಿಗೆ ಸೇರದ ಆಕೃತಿಯನ್ನು ಗುರುತಿಸುವುದು, ಕನ್ನಡಿಯ ಪ್ರತಿಬಿಂಬವನ್ನು ಆರಿಸುವುದು ಇತ್ಯಾದಿ. ಒಳ್ಳೆಯ ಶಾಲೆಯ ಅನುಕೂಲವಿಲ್ಲದ ಕೂಸೂ ತನ್ನ ಸಹಜಬುದ್ಧಿಯಿಂದ ಉತ್ತರಿಸಲೆಂದು ಇವನ್ನು ಇಟ್ಟುದು. ಆದರೆ ಇಂತಹ ಆಕೃತಿಗಳು ಅಭ್ಯಾಸದಿಂದ ವಶವಾಗತಕ್ಕವು. ಹಣವುಳ್ಳವರು ಮೂರನೆಯ, ನಾಲ್ಕನೆಯ ತರಗತಿಯಿಂದಲೇ ಮಕ್ಕಳನ್ನು ತರಬೇತಿಯ ಮನೆಗಳಲ್ಲಿರಿಸಿ ಅಭ್ಯಾಸ ಮಾಡಿಸುವರು. ಹೀಗೆ, ಅನುಕೂಲವಿಲ್ಲದ ಪ್ರತಿಭೆಯನ್ನು ಹುಡುಕಲು ಹುಟ್ಟಿದ ಪರೀಕ್ಷೆಯು ಅನುಕೂಲವನ್ನೇ ಅಳೆಯುವ ಕೋಲಾಗುವ ಸಂಭವವುಂಟು.

ಹಾಗೆಂದು ತಂದೆತಾಯಿಗಳನ್ನು ದೂಷಿಸುವುದು ನ್ಯಾಯವಲ್ಲ. ರೋಣದ ಎರೆಹೊಲಗಳ ಬೆಳೆಯು ಬಹುಮಟ್ಟಿಗೆ ಮಳೆಯನ್ನು ನಂಬಿದುದು. 2009, 2019ರ ವರ್ಷಗಳಲ್ಲಿ ಮಲಪ್ರಭೆಯ ಪ್ರವಾಹವು ಈ ದಂಡೆಯ ಊರುಗಳನ್ನು ಕಾಡಿತು. ಇಂತಹ ಒಕ್ಕಲು ಮನೆತನಕ್ಕೆ ಊಟ, ವಸತಿ, ಪುಸ್ತಕಗಳೊಡನೆ ದೊರೆಯುವ ಏಳು ವರುಷಗಳ ವಿದ್ಯೆಯು ಬರಿಯ ಪ್ರತಿಷ್ಠೆಯ ಮಾತಲ್ಲ. ಆದರೂ ಆ ಆಸೆಯ ಭಾರವನ್ನು ಹೊರುವುದು ಕೂಸೇ. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಸ್ಥಾನಗಳು ತೀರಿದವೆಂದಷ್ಟೇ ಅರ್ಥ. ಮನೆಯಲ್ಲಿ ಮಾತ್ರ ಅದು ‘ದಡ್ಡ’ನೆಂಬ ತೀರ್ಪಾಗಿ ನಿಲ್ಲುವುದು.

2009ರ ಶಿಕ್ಷಣ ಹಕ್ಕಿನ ಕಾಯಿದೆಯ 13ನೆಯ ಕಲಮು ಶಾಲೆಗೆ ಸೇರಿಸುವಾಗ ಮಗುವನ್ನಾಗಲಿ ಪಾಲಕರನ್ನಾಗಲಿ ಜರಡಿಹಿಡಿಯುವುದನ್ನು ನಿಷೇಧಿಸಿತು. ಆದರೆ ಅದೇ ಕಾಯಿದೆಯು ನವೋದಯ, ಸೈನಿಕ ಶಾಲೆಗಳನ್ನು ಪ್ರತ್ಯೇಕ ವರ್ಗವಾಗಿ ಗಣಿಸಿತು. ಅಲ್ಲಿ ಆಯ್ಕೆಯು ಮುಂದುವರಿದಿದೆ. ಸ್ಥಾನಗಳು ವಿರಳವಾಗಿರುವವರೆಗೆ ಪಾಲಕರಿಗೆ ಮಾಡುವ ಉಪದೇಶದಿಂದ ಆಗುವ ಫಲವು ಅಲ್ಪವೇ. ಊರ ಕನ್ನಡ ಶಾಲೆಯಲ್ಲಿ ದೊರೆಯುವ ವಿದ್ಯೆಯು ಆ ವಸತಿಶಾಲೆಯ ವಿದ್ಯೆಗೆ ಸರಿದೂಗುವಂತಾದರೆ, ಹತ್ತು ವರುಷದ ಮಗುವಿನ ಒಂದು ಮುಂಜಾವಿನ ಎರಡು ಗಂಟೆಗಳ ಮೇಲೆ ಇಡೀ ಮನೆತನದ ಭವಿಷ್ಯವನ್ನು ಹೇರುವ ಪ್ರಸಂಗವೇ ಬಾರದು.