ಲಕೋಟೆಗೆ ಬಿದ್ದ ಮಡಿಕೆಗಳು

1840ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಲಕೋಟೆ ಬಲು ದುಬಾರಿ. ಪತ್ರ ಎಷ್ಟು ದೂರ ಹೋಗುತ್ತದೆ, ಅದರಲ್ಲಿ ಎಷ್ಟು ಹಾಳೆಗಳಿವೆ ಎಂದು ನೋಡಿ ಅಂಚೆಯವರು ದರ ಹಾಕುತ್ತಿದ್ದರು. ಹೊದಿಕೆಯೂ ಒಂದು ಹಾಳೆಯ ಲೆಕ್ಕಕ್ಕೆ ಬರುತ್ತಿತ್ತು. ಹಾಗಾಗಿ ಜನ ಬರೆದ ಹಾಳೆಯನ್ನೇ ಮಡಚಿ, ಅರಗಿನ ಮುದ್ರೆ ಒತ್ತಿ, ಹೊರಮೈಯಲ್ಲಿ ವಿಳಾಸ ಬರೆಯುತ್ತಿದ್ದರು.

ಅಂಚೆ ಸುಧಾರಕ ರೋಲೆಂಡ್ ಹಿಲ್ ಈ ಲೆಕ್ಕವನ್ನೇ ಬದಲಿಸಿದ. 1840ರ ಜನವರಿ 10ರಿಂದ, ಮೊದಲೇ ಹಣ ಕಟ್ಟಿದ ಅರ್ಧ ಔನ್ಸ್ ಪತ್ರ ಒಂದೇ ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಹೋಯಿತು. ಹಾಳೆ ಎಣಿಸುವುದು ಹೋಗಿ ತೂಕ ಬಂತು, ಲಕೋಟೆಗೆ ದಾರಿ ತೆರೆಯಿತು. ಭಾರತದಲ್ಲಿ ಇಂಥದೇ ವ್ಯವಸ್ಥೆ ಬಂದದ್ದು 1854ರಲ್ಲಿ: ಕಾಲು ತೊಲದ ಪತ್ರಕ್ಕೆ, ದೂರ ಎಷ್ಟೇ ಇರಲಿ, ಅರ್ಧ ಆಣೆ.

ಬೇಡಿಕೆ ಏರಿದಂತೆ ಕೈಯಿಂದ ಮಡಚುವವರಿಗೆ ಪೂರೈಸಲಾಗಲಿಲ್ಲ. ಹಿಲ್‌ನ ಅಣ್ಣ ಎಡ್ವಿನ್ ಮತ್ತು ವಾರನ್ ಡಿ ಲಾ ರೂ ಸೇರಿ 1845ರಲ್ಲಿ ಮಡಚುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದು ಗಂಟೆಗೆ ಸುಮಾರು 2,700 ಲಕೋಟೆ ಮಡಚಿ ಜನರನ್ನು ಬೆರಗುಗೊಳಿಸಿತು. ಅಲ್ಲಿಂದ ಮುಂದೆ ಲಕೋಟೆಯ ಆಕಾರವನ್ನು ತೀರ್ಮಾನಿಸಿದ್ದು ಯಂತ್ರಗಳೇ.

ಟೈಪ್‌ರೈಟರ್ ಬಂದಾಗ ಕಚೇರಿಗಳಲ್ಲಿ ಒಂದೇ ವಿಳಾಸವನ್ನು ಪತ್ರದಲ್ಲೊಮ್ಮೆ, ಲಕೋಟೆಯ ಮೇಲೊಮ್ಮೆ ಟೈಪಿಸಬೇಕಿತ್ತು. ಷಿಕಾಗೊದ ಅಮೆರಿಕಸ್ ಕ್ಯಾಲಹನ್ 1902ರಲ್ಲಿ ಪೇಟೆಂಟ್ ಪಡೆದ, ಪತ್ರದ ಮೇಲಿನ ವಿಳಾಸ ಹೊರಗೆ ಕಾಣುವ ಕಿಟಕಿ ಲಕೋಟೆ ಆ ಎರಡನೇ ಕೆಲಸವನ್ನು ತಪ್ಪಿಸಿತು. ಇಷ್ಟು ಸರಳವಾದ, ಇಷ್ಟು ಜಾಣತನದ ಉಪಾಯ ಕಾಗದದ ಇತಿಹಾಸದಲ್ಲಿ ಅಪರೂಪ.

ಆದರೆ 1984ರಲ್ಲಿ ಎಚ್‌ಪಿ ಲೇಸರ್‌ಜೆಟ್ ಬಂದ ಮೇಲೆ ಅದೇ ಕಿಟಕಿ ತೊಡಕಾಯಿತು. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಹಿಡಿಸುವ ರೋಲರಿನ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ತನಕ ಹೋಗುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಕಿಟಕಿ ಅಲ್ಲಿ ಮೆತ್ತಗಾಗುತ್ತದೆ, ಒತ್ತಿ ಅಂಟಿಸುವ ಗೋಂದು ರೋಲರಿಗೇ ಮೆತ್ತಿಕೊಳ್ಳುತ್ತದೆ, ಲೋಹದ ಕೊಕ್ಕೆ ಯಂತ್ರವನ್ನೇ ಗೀರುತ್ತದೆ. ಒಳಗೆ ಉಳಿದ ಗಾಳಿ ಹಿಂದಕ್ಕೆ ಸರಿದು ಲಕೋಟೆ ಸುಕ್ಕುಗಟ್ಟುತ್ತದೆ. ಆದ್ದರಿಂದಲೇ ಬಲ್ಲವರು ಮಡಿಕೆ ಚೂಪಾಗಿರುವ, ಅಂಟು ಅಂಚಿನವರೆಗೂ ಸಮವಾಗಿ ಹಿಡಿದಿರುವ ಲಕೋಟೆಯನ್ನೇ ಆರಿಸುತ್ತಾರೆ. ಅಂಗೈಯಲ್ಲಿ ಒತ್ತಿ ಗಾಳಿ ಹೊರಡಿಸಿ, ಕಟ್ಟನ್ನು ಬಿಡಿಬಿಡಿಯಾಗಿಸಿ, ಹಿಂಬಾಗಿಲು ತೆರೆದು ನೇರ ದಾರಿಯಲ್ಲಿ ಕಳಿಸುತ್ತಾರೆ. ಮಂಗಳೂರಿನ ಮಳೆಗಾಲದಲ್ಲಿ ತೇವ ಕುಡಿದು ತಾನಾಗಿಯೇ ಅಂಟಿಕೊಂಡ ಲಕೋಟೆಗೆ ಈ ಯಾವ ಉಪಚಾರವೂ ಸಾಲದು. ಅದನ್ನು ಬದಿಗಿಡುವುದೇ ಸರಿ.

ಅಳತೆಯೂ ಮೊದಲೇ ಗೊತ್ತಾಗಿರಬೇಕು. ಎ4 ಹಾಳೆಯನ್ನು ಮೂರು ಪಾಲು ಮಡಚಿದರೆ 99 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಉದ್ದ. ಅದು ಕೂರುವುದು 110ಕ್ಕೆ 220ರ ಡಿಎಲ್ ಲಕೋಟೆಯಲ್ಲಿ. ಪ್ರಿಂಟರಿನ ಪಟ್ಟಿಯಲ್ಲೂ ಅದೇ ಹೆಸರನ್ನು ಆರಿಸಬೇಕು, ಇಲ್ಲವಾದರೆ ವಿಳಾಸ ಅಂಚಿನಾಚೆ ಜಾರುತ್ತದೆ.